ಟಾಂಗಾ ಕುದುರೆಯ ಪ್ರಶ್ನೆ

ಚಾಮರಾಜಪುರಂ, ಮೈಸೂರು
ಸೋಮವಾರ, ೧೪ ಜುಲೈ ೨೦೨೫

ಪ್ರೀತಿಯ ಅಕ್ಕಾ,

ಮಂಡಿನೋವು ಈಗ ಹೇಗಿದೆ? ಆಪರೇಷನ್ ಆದ ಮೇಲೆ ಗೋಡೆ ಹಿಡಿಯದೆ ನಡೆಯುತ್ತಿದ್ದೀಯ ಎಂದು ಸಮನ್ವಿತಾ ಹೇಳಿದಳು. ನಿನ್ನ ಮಗಳು ನಿನ್ನ ಹಾಗೆಯೇ, ಒಳ್ಳೆಯ ಸುದ್ದಿಯನ್ನು ಸ್ವಲ್ಪ ಉಬ್ಬಿಸಿಯೇ ಹೇಳುವವಳು, ಹಾಗಾಗಿ ಪೂರ್ತಿ ನಂಬಿಲ್ಲ. ಭಾವನವರು ಸಿಹಿ ಬಿಟ್ಟಿದ್ದಾರೆಯೋ, ಇಲ್ಲ ನೀನು ಮಲಗಿರುವುದೇ ಸಮಯವೆಂದು ಡಬ್ಬಿಗೆ ಕೈ ಹಾಕುತ್ತಿದ್ದಾರೆಯೋ? ಅಮ್ಮ ಚೆನ್ನಾಗಿಯೇ ಇದ್ದಾಳೆ. ಎಡಗಣ್ಣಿನ ಪೊರೆ ತೆಗೆಸಿದ ಮೇಲೆ ಮನೆಯ ಧೂಳೆಲ್ಲ ಅವಳಿಗೆ ಕಾಣತೊಡಗಿದೆ, ನನಗೆ ದಿನವೂ ಬೈಗುಳ. ಆಷಾಢ ಶುಕ್ರವಾರ ಬೆಟ್ಟಕ್ಕೆ ಹೋಗಲಾಗಲಿಲ್ಲವೆಂದು ಪಕ್ಕದ ಮನೆಯ ದಾಕ್ಷಾಯಣಮ್ಮನವರ ಟೆರೇಸು ಹತ್ತಿ ಅಲ್ಲಿಂದಲೇ ಕೈಮುಗಿದು ಬಂದಳು.

ಕಾಗದ ನೋಡಿ ಗಾಬರಿಯಾಗಬೇಡ. ನಿನ್ನೆಯಿಂದ ಎಷ್ಟೋ ಸಲ ನಿನ್ನ ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ಕಟ್ ಮಾಡಿದ್ದೇನೆ. ನಿನ್ನ ದನಿ ಕೇಳಿದರೆ ಅತ್ತುಬಿಡುತ್ತೇನೆ. ನೀನು ಅಲ್ಲಿಂದ ‘ಏನಾಯ್ತೇ, ಏನಾಯ್ತೇ’ ಎನ್ನುತ್ತೀಯ, ಒಳಗಿನಿಂದ ಅಮ್ಮ ‘ಯಾರೇ ಅದು’ ಎನ್ನುತ್ತಾಳೆ, ವಿಷಯ ಅರ್ಧಕ್ಕೇ ನಿಲ್ಲುತ್ತದೆ. ವಿಷಯ ಪವಮಾನನದು. ನಿನ್ನ ತಮ್ಮ, ನನ್ನ ಅಣ್ಣ, ಹದಿನೆಂಟಕ್ಕೇ ಈ ಮನೆ ಬಿಟ್ಟು ಹೋದವನು. ನಾನೇ ಪವಮಾನ ಎಂದು ಹೇಳಿಕೊಂಡು ಒಬ್ಬರು ಶುಕ್ರವಾರ ನನಗೆ ಫೋನ್ ಮಾಡಿದ್ದರು.

ನಮ್ಮ ಹಿತ್ತಿಲಿನ ಒಗೆಯುವ ಕಲ್ಲು ನೆನಪಿದೆಯಲ್ಲ? ನಮ್ಮ ಶಾಲೆಗೆ ರಜೆಯಿದ್ದ ಬೆಳಿಗ್ಗೆ ಅಪ್ಪ ನಮ್ಮನ್ನು ಸಾಲಾಗಿ ನಿಲ್ಲಿಸಿ ಸಂಸ್ಕೃತದ ಶಬ್ದರೂಪ ಒಪ್ಪಿಸಿಕೊಳ್ಳುತ್ತಿದ್ದರು. ಅವರು ಪಾಠಶಾಲೆಗೆ ಹೊರಟಿದ್ದೇ ತಡ, ನೀನು ಆ ಕಲ್ಲಿನ ಮೇಲೆ ಕುಳಿತು ಅವರದೇ ಗತ್ತಿನಲ್ಲಿ ಸಿನಿಮಾ ಪ್ರಶ್ನೆ ಶುರು ಮಾಡುತ್ತಿದ್ದೆ. ಯಾವ ಚಿತ್ರದಲ್ಲಿ ನಾಯಕ ಮೊದಲ ಹಾಡಿಗೇ ಮರ ಹತ್ತುತ್ತಾನೆ, ಯಾವ ಖಳನಾಯಕನಿಗೆ ಎಡಗಾಲು ಕುಂಟು, ತೊಟ್ಟಿಲ ಹಾಡು ಹಾಡಿದವರು ಯಾರು. ‘ಎದ್ದು ನಿಂತು ಉತ್ತರ ಹೇಳು’ ಎಂದು ಗದರುತ್ತಿದ್ದೆ. ಸರಿಯಾದರೆ ಒಂದು ಹುಣಸೆ ಬೀಜ, ತಪ್ಪಾದರೆ ಅಪ್ಪನ ಶಿಕ್ಷೆಯೇ, ಒಂಟಿಕಾಲಲ್ಲಿ ನಿಲ್ಲುವುದು. ಥಿಯೇಟರಿನ ಹೊಸ್ತಿಲನ್ನೇ ತುಳಿಯದ ಮಕ್ಕಳಿಗೆ ಅಷ್ಟೆಲ್ಲ ಗೊತ್ತಿದ್ದದ್ದು ರೇಡಿಯೋದಿಂದ, ಉಳಿದದ್ದು ಅಮ್ಮನಿಂದ. ಅಪ್ಪನಿಗೆ ತಿಳಿಯದ ಹಾಗೆ ಅಮ್ಮ ದಾಕ್ಷಾಯಣಮ್ಮನವರ ಜೊತೆ ಮ್ಯಾಟಿನಿಗೆ ಹೋಗುತ್ತಿದ್ದಳು. ಆದರೆ ಅಪ್ಪ ಬರುವ ಹೊತ್ತಿಗೆ ಕಾಫಿ ಸಿದ್ಧವಿರಬೇಕಿತ್ತಲ್ಲ, ಆಟ ಮುಗಿಯಲು ಅರ್ಧ ಗಂಟೆ ಇರುವಾಗಲೇ ಎದ್ದು ಬರುತ್ತಿದ್ದಳು. ಅಂದರೆ ಅಮ್ಮ ಯಾವ ಸಿನಿಮಾದ ಕೊನೆಯನ್ನೂ ನೋಡಿದವಳಲ್ಲ. ಕೊನೆಗಳನ್ನೆಲ್ಲ ತಾನೇ ಕಟ್ಟಿ ಹೇಳುತ್ತಿದ್ದಳು. ಅವಳ ಕಥೆಗಳಲ್ಲಿ ಕಾಯಿಲೆಯವರು ಎದ್ದು ಕೂರುತ್ತಿದ್ದರು, ಖಳನಾಯಕರು ಬಂದು ತಪ್ಪಾಯಿತೆಂದು ಹೇಳಿ ಕಾಫಿ ಕುಡಿದು ಹೋಗುತ್ತಿದ್ದರು.

ಅವುಗಳಲ್ಲಿ ನನಗೆ ಪ್ರಾಣವಾಗಿದ್ದದ್ದು ಟಾಂಗಾದ ಕಥೆ. ಬಡ ಟಾಂಗಾದವನ ಮುದಿ ಕುದುರೆ ಗಾಳಿಮಳೆಯಲ್ಲಿ ಕಳೆದುಹೋಗುತ್ತದೆ, ಕೊನೆಗೆ ತಾನಾಗಿಯೇ ದಾರಿ ಹುಡುಕಿಕೊಂಡು ಬಂದು ಮನೆಯ ಮುಂದೆ ನಿಲ್ಲುತ್ತದೆ. ನಮ್ಮ ಬೀದಿಯ ತುದಿಯ ಟಾಂಗಾ ಕುದುರೆಗೆ ಬೆಲ್ಲ ತಿನ್ನಿಸುತ್ತಿದ್ದವಳು ನಾನು, ಅದು ಸತ್ತಾಗ ಊಟ ಬಿಟ್ಟವಳು. ಅದಕ್ಕೇ ನೀನು ಪ್ರತಿ ಆಟದ ಕೊನೆಗೆ ಕುದುರೆಗೆ ಏನಾಗುತ್ತದೆ ಎಂದು ಕೇಳುತ್ತಿದ್ದೆ, ಪವಮಾನ ಎದ್ದು ನಿಂತು, ನನ್ನ ಮುಖ ನೋಡಿ, ‘ಮನೆಗೆ ಬರುತ್ತೆ’ ಎನ್ನುತ್ತಿದ್ದ. ಎಂ.ಎ. ಓದುವಾಗ ಆ ಚಿತ್ರವನ್ನು ಟೀವಿಯಲ್ಲಿ ನೋಡಿದೆ. ಕುದುರೆ ಬರುವುದಿಲ್ಲ, ಸೇತುವೆಯ ಮೇಲೆ ಬಿದ್ದು ಸಾಯುತ್ತದೆ. ಯಾರಿಗೂ ಹೇಳಲಿಲ್ಲ. ಅಷ್ಟು ಹೊತ್ತಿಗೆ ಪವಮಾನ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಎಲ್ಲಿದ್ದರೂ ಅವನ ಬಳಿ ಅಮ್ಮ ಕಟ್ಟಿದ ಕೊನೆಯೇ ಇದೆಯಲ್ಲ, ಇರಲಿ, ಎಂದುಕೊಂಡೆ.

ಅವನು ಹೋದದ್ದು ಹೇಗೆಂದು ನಿನಗೆ ಗೊತ್ತು. ಪರೀಕ್ಷೆ ಬಿಟ್ಟು ಸಿನಿಮಾಕ್ಕೆ ಹೋಗಿದ್ದು ತಿಳಿದು ಅಪ್ಪ ‘ಆ ಸಿನಿಮಾದವರ ಮನೆಗೇ ಹೋಗಿ ಇರು’ ಎಂದರು. ನಿನಗೆ ಗೊತ್ತಿಲ್ಲದ್ದು ಒಂದಿದೆ. ಕದ್ದು ಸಿನಿಮಾಕ್ಕೆ ಹೋಗುವಾಗಲೆಲ್ಲ ಅವನು ಹಿತ್ತಿಲ ಬಾಗಿಲಲ್ಲಿ ನಿಂತು ‘ಬಾಗಿಲು ಹಾಕ್ಕೋ ಮಾಲಿ’ ಎಂದು ಪಿಸುಗುಟ್ಟಿ ಹೋಗುತ್ತಿದ್ದ. ಮರುದಿನ ಮಧ್ಯಾಹ್ನವೂ ಹಾಗೇ ಹೇಳಿದ. ಸಿನಿಮಾಕ್ಕೆ ಎಂದುಕೊಂಡು ಅಗುಳಿ ಹಾಕಿಕೊಂಡೆ.

ಈಗ ಫೇಸ್‌ಬುಕ್ಕಿನಲ್ಲಿ ಹಳೆಯ ಸಿನಿಮಾ ಪ್ರಿಯರದೊಂದು ಗುಂಪಿದೆ. ಪ್ರತಿ ಭಾನುವಾರ ಅಲ್ಲಿ ನಾನು ಒಂದು ಪ್ರಶ್ನೆ ಹಾಕುತ್ತೇನೆ, ಕೆಳಗೆ ನಿನ್ನ ಮಾತನ್ನೇ ಬರೆಯುತ್ತೇನೆ, ‘ಎದ್ದು ನಿಂತು ಉತ್ತರ ಹೇಳಿ’ ಎಂದು. ಕಾಲೇಜಿನಲ್ಲಿ ಎಲ್ಲರೂ ನಗುತ್ತಾರೆ, ಕವಿತೆ ಪಾಠ ಮಾಡುವವಳಿಗೆ ಇದೆಂಥ ಹುಚ್ಚು ಎಂದು. ಹುಚ್ಚಲ್ಲ, ಅಕ್ಕಾ. ಸಿನಿಮಾ ಪ್ರಶ್ನೆ ಕಂಡಲ್ಲಿ ಅವನು ಉತ್ತರ ಹೇಳದೆ ಇರಲಾರ ಎಂಬ ಆಸೆ. ಕಳೆದ ತಿಂಗಳು ಒಬ್ಬರು ಕೆಳಗೆ ಬರೆದರು, ‘ಎದ್ದು ನಿಂತಿದ್ದೇನೆ. ಎರಡು ಕಾಲಲ್ಲೋ, ಒಂಟಿಕಾಲಲ್ಲೋ?’ ಫೋಟೋ ಇರಲಿಲ್ಲ, ಹೆಸರೂ ಅವನದಲ್ಲ. ನಾನು ನನ್ನ ನಂಬರ್ ಕಳಿಸಿದೆ.

ಶುಕ್ರವಾರ ಅಮ್ಮ ದಾಕ್ಷಾಯಣಮ್ಮನವರ ಟೆರೇಸಿನಲ್ಲಿದ್ದಾಗ ಫೋನ್ ಬಂತು. ಭಾರವಾದ ದನಿ, ನಡುನಡುವೆ ಕೆಮ್ಮು. ದಾವಣಗೆರೆಯಲ್ಲಿ ಪ್ರೆಸ್ಸಿನಲ್ಲಿದ್ದೆ, ಈಗ ಅದೂ ಮುಚ್ಚಿತು ಎಂದರು. ಮಾತಿನಲ್ಲಿ ಮೈಸೂರು ಒಂದಿಷ್ಟೂ ಉಳಿದಿರಲಿಲ್ಲ. ನಿನ್ನನ್ನು ಹೆಸರು ಹಿಡಿದು ‘ಅನು ಎಲ್ಲಿದ್ದಾಳೆ’ ಎಂದು ಕೇಳಿದಾಗ ಎದೆ ಕರಗಿ ನಿನ್ನ ನಂಬರ್ ಕೊಟ್ಟೆ. ಆಮೇಲೆ ಹೆದರಿದೆ. ಅಪ್ಪ ತೀರಿಕೊಂಡ ವರ್ಷ ಯಾರೋ ಪವಮಾನನನ್ನು ಕಂಡೆವೆಂದು ಹೇಳಿದ್ದಕ್ಕೆ ಅಮ್ಮ ಊಟ ನಿದ್ದೆ ಬಿಟ್ಟು ಬಾಗಿಲಲ್ಲಿ ಕುಳಿತದ್ದು ನೆನಪಾಯಿತು. ಅವಳಿಗೆ ಇನ್ನೊಂದು ಸಲ ಹಾಗೆ ಕಾಯುವ ಶಕ್ತಿ ಇಲ್ಲ. ಹುಣಸೆ ಬೀಜ, ಒಂಟಿಕಾಲು, ನಿನ್ನ ಹೆಸರು, ಇವನ್ನೆಲ್ಲ ಆ ಗುಂಪಿನಲ್ಲಿ ನಾನೇ ಹಿಂದೆ ಬರೆದಿದ್ದೆ, ಓದಿದ ಯಾರಾದರೂ ಹೇಳಬಹುದು. ನಮ್ಮ ಆಟದಲ್ಲಿ ಬರೆಯದೆ ಇಟ್ಟುಕೊಂಡದ್ದು ಕುದುರೆ ಒಂದನ್ನೇ. ಅವರು ‘ಅಮ್ಮ…’ ಎಂದು ನಿಲ್ಲಿಸಿದರು. ಮೊದಲು ನನ್ನ ಪ್ರಶ್ನೆಗೆ ಎದ್ದು ನಿಂತು ಉತ್ತರ ಹೇಳಿ ಎಂದೆ. ಬಹುವಚನದಲ್ಲೇ ಹೇಳಿದೆ. ನಕ್ಕರು. ಕುರ್ಚಿ ಸರಿದ ಸದ್ದು ಕೇಳಿಸಿತು.

ಟಾಂಗಾದ ಚಿತ್ರದಲ್ಲಿ ಕೊನೆಗೆ ಕುದುರೆಗೆ ಏನಾಗುತ್ತದೆ ಎಂದು ಕೇಳಿದೆ. ತಡವರಿಸಲಿಲ್ಲ. ‘ಸತ್ತೋಗುತ್ತೆ. ಸೇತುವೆ ಮೇಲೆ. ಅವನು ಬರೀ ಲಗಾಮು ಹಿಡ್ಕೊಂಡು ನಡ್ಕೊಂಡು ಹೋಗ್ತಾನೆ. ಸರೀನಾ?’ ಎಂದರು. ಬೀಜಕ್ಕೆ ಕೈಯೊಡ್ಡಿದ ಹಾಗಿತ್ತು ಆ ‘ಸರೀನಾ’. ಸರಿಯಾಗಿದೆ, ಆದ್ದರಿಂದಲೇ ನೀವು ನಮ್ಮವರಲ್ಲ, ದಯವಿಟ್ಟು ಇನ್ನು ಫೋನ್ ಮಾಡಬೇಡಿ ಎಂದೆ. ಫೋನ್ ಕಟ್ ಆಯಿತು. ನನ್ನ ಜಾಣತನಕ್ಕೆ ನನಗೇ ಹೆಮ್ಮೆಯಾಯಿತು. ಅಮ್ಮನನ್ನು ಕಾಪಾಡಿದೆ ಎಂದುಕೊಂಡೆ.

ಆ ಸಂಜೆ ಅಮ್ಮ ಹೊಸ ಕಣ್ಣಿನ ಸಡಗರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಫೋನಿನ ಮಾತೆತ್ತದೆ, ಟಾಂಗಾ ಕುದುರೆಯ ಕಥೆ ಹೇಳು ಎಂದೆ. ಕೇಳಬೇಕೆನ್ನಿಸಿತು, ಅಷ್ಟೆ. ಅಮ್ಮ ನಕ್ಕಳು. ‘ಅದು ಸತ್ತೋಗುತ್ತಂತೆ ಕಣೇ. ನಂಗೆಲ್ಲಿ ಗೊತ್ತಿತ್ತು? ಪವಮಾನ ಪಿಯುಸಿಲಿದ್ದಾಗ ಆ ಪಿಕ್ಚರ್ ಮತ್ತೆ ಹಾಕಿದ್ರು. ಕದ್ದು ನೋಡ್ಕೊಂಡು ಬಂದು, ಒಲೆ ಪಕ್ಕ ಕೂತ್ಕೊಂಡು, ನಿನ್ನ ಕುದುರೆ ಬರಲ್ಲ ಕಣಮ್ಮಾ ಅಂದ. ಮಾಲಿಗೆ ಹೇಳ್ಬೇಡ್ವೋ, ಊಟ ಬಿಟ್ಬಿಡ್ತಾಳೆ ಅಂದೆ. ಹೇಳಲ್ಲ ಅಂದ. ಹೇಳಲೇ ಇಲ್ಲ ನೋಡು.’ ಹೀಗೆಂದು ಮತ್ತೆ ಮೊರದ ಕಡೆ ಬಗ್ಗಿದಳು.

ಅಕ್ಕಾ, ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ಸಲ ಎದ್ದು ನಿಂತು ನನಗಾಗಿ ತಪ್ಪು ಉತ್ತರ ಹೇಳುತ್ತಿದ್ದ. ನಿನಗೂ ಗೊತ್ತಿತ್ತೇ? ಆ ಮನೆಯಲ್ಲಿ ಅಮ್ಮನ ಕೊನೆಯನ್ನು ನಂಬಿಕೊಂಡಿದ್ದವಳು ನಾನೊಬ್ಬಳೇ ಇರಬೇಕು. ಆ ನಂಬಿಕೆಯಿಂದಲೇ ಅವನನ್ನು ಅಳೆದುಬಿಟ್ಟೆ. ನಲವತ್ತೆಂಟು ವರ್ಷದ ತಂಗಿ ಇಷ್ಟು ಹೊತ್ತಿಗೆ ಸತ್ಯ ಕೇಳುವಷ್ಟು ದೊಡ್ಡವಳಾಗಿದ್ದಾಳೆ ಎಂದು ಅವನು ಅಂದುಕೊಂಡಿರಬಹುದು. ಕವಿತೆಯಲ್ಲಿ ಮುಗಿಯದ ಸಾಲೇ ಚೆಂದವೆಂದು ಮಕ್ಕಳಿಗೆ ಹೇಳುತ್ತೇನೆ. ಅಣ್ಣನ ಮುಂದೆ ಮಾತ್ರ ನನಗೊಂದು ಸರಿಯುತ್ತರ ಬೇಕಾಗಿತ್ತು.

ಆ ನಂಬರ್ ಈಗ ಸ್ವಿಚ್ ಆಫ್. ಗುಂಪಿನಲ್ಲಿ ಆ ಖಾತೆಯೂ ಕಾಣುತ್ತಿಲ್ಲ. ನಿನ್ನೆ ಭಾನುವಾರ ನಾನು ಪ್ರಶ್ನೆ ಹಾಕಲಿಲ್ಲ. ಕೆಸರೆಯ ನಾಗೇಂದ್ರ ಎಂಬವರು ‘ಏನ್ ಮೇಡಂ, ಈ ವಾರ ಪೇಪರ್ ಲೀಕ್ ಆಗ್ಬುಡ್ತಾ?’ ಎಂದು ಬರೆದಿದ್ದಾರೆ. ಎಲ್ಲರೂ ಅದಕ್ಕೆ ನಕ್ಕಿದ್ದಾರೆ. ಅಮ್ಮನಿಗೆ ಇದೊಂದೂ ಗೊತ್ತಿಲ್ಲ. ಅವಳು ಒಳಗೆ ನಾಳಿನ ಹಾಲಿಗೆ ಪಾತ್ರೆ ತೊಳೆದಿಡುತ್ತಿದ್ದಾಳೆ.

ಭಾವನವರಿಗೆ ನಮಸ್ಕಾರ. ಸಮನ್ವಿತಾಳಿಗೆ ಅಮ್ಮನ ಆಶೀರ್ವಾದ, ನನ್ನದೊಂದು ಮುತ್ತು. ನಿನ್ನ ಮಂಡಿ ಬೇಗ ನಿನ್ನ ಮಾತು ಕೇಳುವಂತಾಗಲಿ.

ನಿನ್ನ
ಮಾಲಿ

ಮರೆತದ್ದು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ನಾನು ಫೋನ್ ಮಾಡಬೇಡಿ ಎಂದ ಮೇಲೆ ಅವರು ಮತ್ತೆ ಕುರ್ಚಿಯಲ್ಲಿ ಕೂತ ಸದ್ದಾಯಿತು. ಆಮೇಲೆ ಮೆಲ್ಲಗೆ ‘ಆಯ್ತು ಕಣೇ. ಬಾಗಿಲು ಹಾಕ್ಕೋ’ ಎಂದರು. ಅದನ್ನು ನಾನು ಎಲ್ಲೂ ಬರೆದಿರಲಿಲ್ಲ, ನಿನಗೂ ಈ ಕಾಗದದಲ್ಲೇ ಮೊದಲು ಹೇಳುತ್ತಿರುವುದು. ಕಿವಿಗೆ ಬಿತ್ತು, ಆದರೆ ಗೆದ್ದ ಗುಂಗಿನಲ್ಲಿದ್ದೆ. ಅಂಚೆ ತಲುಪುವವರೆಗೆ ಕಾಯಲಾರೆ, ಇದರ ಫೋಟೋ ತೆಗೆದು ಈಗಲೇ ಸಮನ್ವಿತಾಳ ಫೋನಿಗೂ ಹಾಕುತ್ತಿದ್ದೇನೆ, ಓದಿಸಿಕೋ. ಅವನ ಹತ್ತಿರ ನಿನ್ನ ನಂಬರ್ ಇದೆ. ಗೊತ್ತಿಲ್ಲದ ನಂಬರ್ ಎಂದು ಯಾವ ಫೋನನ್ನೂ ಬಿಡಬೇಡ. ಅವನೇ ಮಾಡಿದರೆ ಒಂದು ಪ್ರಶ್ನೆಯನ್ನೂ ಕೇಳಬೇಡ, ಅಕ್ಕಾ. ಅಮ್ಮ ಇದ್ದಾಳೆ ಎಂದು ಹೇಳು. ನಾನು ಅದನ್ನು ಹೇಳಲಿಲ್ಲ.