ಅಪ್ಪನ ಪಕ್ಕದ ಕುರ್ಚಿ

5 ಮೇ 2003, ಕೀಲ್ಪಾಕ್

ಇವತ್ತೂ ಅವಳೇ. ಅಪ್ಪ ಗಿಂಡಿಯ ಫ್ಯಾಕ್ಟರಿಯಿಂದ ಬಂದವರು ಶೂ ಕೂಡ ಬಿಚ್ಚದೆ ಕಂಪ್ಯೂಟರ್ ಮುಂದೆ ಕೂತರು. ಪಕ್ಕದ ಕುರ್ಚಿಯಲ್ಲಿ ಮೇಲಿನ ಮನೆಯ ಹುಡುಗಿ, ಮೌನ. ಮೈಸೂರಿನಿಂದ ಬಂದು ಎರಡು ತಿಂಗಳಾಗಿಲ್ಲ, ಆಗಲೇ ನಮ್ಮ ಮನೆಯಲ್ಲೇ ಠಿಕಾಣಿ.

ಗೇಮಿನಲ್ಲಿ ಬಿಸ್ಕತ್ತು ಫ್ಯಾಕ್ಟರಿ ಕಟ್ಟಬೇಕು. ಒಂದು ಬೆಲ್ಟಿನಲ್ಲಿ ಹಿಟ್ಟು ಒಳಗೆ, ಇನ್ನೊಂದರಲ್ಲಿ ಡಬ್ಬ ಹೊರಗೆ. ಬೆಲ್ಟುಗಳು ಅಡ್ಡ ಬಂದ ಕಡೆಯೆಲ್ಲ ಜಾಮ್. ಅವಳು ಓವನ್ ತಿರುಗಿಸಿಟ್ಟಳು, ಜಾಮ್ ಅರ್ಧ ಕಡಿಮೆಯಾಯಿತು.

“ಸೂಪರ್ ಮಾ! ನಮ್ಮ ಪ್ಲಾಂಟಿಗೇ ಬಂದ್ಬಿಡು ನೀನು!”

ಮೆಷಿನ್ ಎಲ್ಲಿಡಬೇಕೆಂದು ಹೇಳುವುದೇ ಅಪ್ಪನ ಕೆಲಸ. ಅಂಥವರ ಬಾಯಲ್ಲಿ ಸೂಪರ್. ಗಣಿತದಲ್ಲಿ ನನ್ನ ತೊಂಬತ್ತಾರಕ್ಕೆ ತಮಿಳಿನಲ್ಲಿ “ಶೆರಿ” ಅಂದಿದ್ದರು, ಸರಿ ಅಂತ. ಅಷ್ಟೇ.

ಹೊಟ್ಟೆ ಉರಿಯುತ್ತಿದೆ. ಕನ್ನಡದಲ್ಲಿ ಬರೆದರೆ ಅಣ್ಣನಿಗೆ ಓದಲು ಬರುವುದಿಲ್ಲ. ಅವಳಿಗೆ ಬರುತ್ತದೆ… ಅದೂ ಒಂದು ಸಂಕಟ.

6 ಮೇ

ಗೇಮಿನ ಸಿ.ಡಿ. ಬಚ್ಚಿಟ್ಟೆ. ಅಪ್ಪ ಮನೆಯೆಲ್ಲ ತಡಕಾಡಿದರು. ಪಾಪ ಅನ್ನಿಸಿ ನಾನೇ “ಸಿಕ್ಕಿತು” ಎಂದು ಕೊಟ್ಟೆ. ತೆಗೆದುಕೊಂಡವರೇ ಮೆಟ್ಟಿಲ ಕಡೆ ತಿರುಗಿ — “ಮೌನಾ, ಬಾ ಮಾ!”

13 ಮೇ, ದ್ವಾದಶಿ, ಬೆಳಿಗ್ಗೆ

ಅಜ್ಜಿ ಒದ್ದೆ ಸೀರೆಯಲ್ಲಿ ಮಡಿ ನೀರು ತರುತ್ತಿದ್ದರು. ಮೌನ ಕರಿಬೇವು ಕೇಳಿಕೊಂಡು ಬಂದಳು.

“ದೂರ ನಿಲ್ಲೇ! ಮಡಿ!”

ಅವಳು ಅಡುಗೆಮನೆಯ ಬಾಗಿಲಲ್ಲೇ ನಿಂತಳು. ನನಗೆ ಖುಷಿಯಾಯಿತು. ಹಾಗೆ ನೋಡುತ್ತಿರುವಾಗಲೇ ಹೊಳೆಯಿತು. ಮಡಿ ನೀರು ಹಿತ್ತಲಿಂದ ಒಳಗೆ, ಮುಸುರೆ ಪಾತ್ರೆ ಪಕ್ಕದ ಬಾಗಿಲಿಂದ ಹೊರಗೆ. ಅಂಗೈಯಗಲದ ಅಡುಗೆಮನೆ, ಎರಡೂ ಎದುರಾಗುವುದೇ ಇಲ್ಲ. ಬೆಲ್ಟನ್ನೂ ಹಾಗೇ ಹಾಕಿದರೆ?

ಮಧ್ಯಾಹ್ನ

ಹಾಕಿದೆ. ಒಲೆಯ ಜಾಗದಲ್ಲಿ ಓವನ್. ಒಂದೂ ಜಾಮ್ ಇಲ್ಲ!! ಪಕ್ಕದ ಕುರ್ಚಿಯ ಧೂಳು ಒರೆಸಿಟ್ಟಿದ್ದೇನೆ. ಅಪ್ಪ ಬರಲಿ.

ಸಂಜೆ

ಅಪ್ಪ ಬಂದು ನೋಡಿದರು, ಹಿಂದೆಯೇ ಮೌನ. “ಅಡೇಯಪ್ಪಾ! ಒಂದೂ ಕ್ರಾಸಿಂಗ್ ಇಲ್ಲ! ಮೌನಾ, ಯಾವಾಗ ಮಾಡ್ದೆ ಮಾ?”

ನಾನು ಅಲ್ಲೇ ನಿಂತಿದ್ದೆ.

ಅವಳು ಬಗ್ಗಿ ನೋಡಿದಳು. “ನಾನಲ್ಲ ಅಂಕಲ್, ವೃಂದಾನೇ ಇರ್ಬೇಕು. ಇದು ನಿಮ್ಮನೆ ಅಡಿಗೆಮನೆ ಅಲ್ವಾ? ಇಲ್ಲಿ ನೀರು ಬರತ್ತೆ, ಇಲ್ಲಿ ಮುಸುರೆ ಹೋಗತ್ತೆ.”

“ಹೌದಲ್ಲ! ನಿನಗೆ ಹೇಗೆ ಗೊತ್ತಾಯ್ತು?”

“ಬಂದಾಗೆಲ್ಲ ಅಜ್ಜಿ ಅಡಿಗೆಮನೆ ಬಾಗಿಲಲ್ಲೇ ನಿಲ್ಲಿಸ್ತಾರಲ್ಲ ಅಂಕಲ್. ನೋಡ್ತಾ ಇರ್ತೀನಿ,” ಎಂದು ನಕ್ಕಳು.

ಅಪ್ಪ ನಗಲಿಲ್ಲ. ಪಕ್ಕದ ಕುರ್ಚಿ ಎಳೆದು ಅವಳ ಮುಂದಿಟ್ಟರು. “ಮೊದಲು ಕೂತ್ಕೋ ಮಾ.”

ನಾನು ಒರೆಸಿಟ್ಟ ಕುರ್ಚಿ. ಅವಳನ್ನು ಬಾಗಿಲಲ್ಲಿ ನಿಲ್ಲಿಸುವುದು ಸರಿಯಲ್ಲ, ಗೊತ್ತು. ಬೆಳಿಗ್ಗೆ ಖುಷಿಪಟ್ಟ ನಾನೂ ಸರಿಯಲ್ಲ. ಆದರೂ ಆ ಕುರ್ಚಿ ನನಗೆ ಬೇಕಿತ್ತು. ರೂಮಿಗೆ ಬಂದು ಅಳುತ್ತಾ ಬರೆಯುತ್ತಿದ್ದೇನೆ.

ಅಪ್ಪ ಕೂಗುತ್ತಿದ್ದಾರೆ — “ವೃಂದಾ, ಇನ್ನೊಂದು ಕುರ್ಚಿ ತಾ!”

ಯಾರಿಗೆ ಅಂತ ಹೇಳಲಿಲ್ಲ. ಒಯ್ದು ಅವರ ಇನ್ನೊಂದು ಪಕ್ಕ ಇಟ್ಟು, ಯಾರೂ ಏನೂ ಅನ್ನುವ ಮೊದಲು ನಾನೇ ಕೂತುಬಿಡುತ್ತೇನೆ.