ಪಿತ್ತಕೋಶವಿಲ್ಲದ ಅತ್ತೆ

ಮಾರ್ಚ್ 4, ಮಧ್ಯಾಹ್ನ
ಬೆಳಗಿನಿಂದ ಸೊಸೆಯನ್ನು ಬೈದು ಬೈದು ಗಂಟಲು ಒಣಗಿದೆ. ಸೊಸೆ ನನ್ನವಳಲ್ಲ, ಧಾರಾವಾಹಿಯವಳು. ಪರದೆ ಮೇಲೆ ಅತ್ತೆ ಬಾಯಿ ಆಡಿಸುತ್ತಾಳೆ, ಬೈಗುಳ ನನ್ನದು. ಡಬ್ಬಿಂಗ್ ಮುಗಿಯುವ ಹೊತ್ತಿಗೆ ಮತ್ತೆ ಅದೇ ನೋವು. ಬಲಗಡೆ ಪಕ್ಕೆಲುಬಿನ ಕೆಳಗೆ, ಬೆನ್ನಿಗೂ ಹಬ್ಬಿತು. ಗ್ಯಾಸ್ ಅಂತ ನಮ್ಮ ಯಜಮಾನರು. ಈ ಮನುಷ್ಯನಿಗೆ ಭೂಕಂಪವಾದರೂ ಗ್ಯಾಸೇ.

ಮಾರ್ಚ್ 6
ಗ್ಯಾಸಲ್ಲ. ಕಲ್ಲು. ಪಿತ್ತಕೋಶದ ತುಂಬ.
"ಕಲ್ಲು ತೆಗೀರಿ, ಚೀಲ ಇರ್ಲಿ ಬಿಡಿ" ಅಂದೆ.
"ಚೀಲ ಬಿಟ್ರೆ ಮತ್ತೆ ಕಲ್ಲು ಕಟ್ಟುತ್ತಮ್ಮಾ" ಅಂದರು ಡಾಕ್ಟರು.
ಯಜಮಾನರಿಗೆ ಖುಷಿಯೋ ಖುಷಿ. "ಪಿತ್ತಾನೇ ಇಲ್ದಿದ್ರೆ ಇನ್ನು ನೆತ್ತಿಗೇರೋದೇನು?" ಪಿತ್ತ ತಯಾರಾಗುವುದು ಲಿವರ್‌ನಲ್ಲಿ, ಇದು ಬರೀ ಗೋದಾಮು ಅಂತ ಡಾಕ್ಟರು ವಿವರಿಸಿದರು. ಮುಖ ಇಳಿಯಿತು ಪಾಪ.

ಮಾರ್ಚ್ 13
ಆಪರೇಷನ್ ಆಯಿತು. ಹೊಟ್ಟೆಗೆ ನಾಲ್ಕು ತೂತು. ಕೆಮ್ಮಿದರೆ ಪ್ರಾಣ ಹೋಗುತ್ತದೆ, ನಕ್ಕರೆ ಇನ್ನೂ ಕಷ್ಟ. ಕಲ್ಲುಗಳನ್ನು ಬಾಟ್ಲಿಗೆ ಹಾಕಿ ಕೊಟ್ಟಿದ್ದಾರೆ. ನೋಡಲು ಬಂದವರಿಗೆಲ್ಲ ಇವರು ಗಿಲಕಿ ಥರ ಅಲ್ಲಾಡಿಸಿ ತೋರಿಸುತ್ತಾರೆ. ನಾನೇನೋ ಹೆತ್ತಿದ್ದೇನೆ ಅನ್ನುವ ಹಾಗೆ!
ಸೌಂಡ್ ಎಂಜಿನಿಯರ್ ಫೋನ್. "ರೆಸ್ಟ್ ಮಾಡಿ ಮೇಡಂ. ಅಲ್ಲೀವರೆಗೂ ಒಂದು ಹೊಸ ಹುಡುಗಿ ಕೈಲಿ ಹೇಳಿಸ್ತೀವಿ."
ಹುಡುಗಿ! ನನ್ನ ಅತ್ತೆಗೆ! ಇಷ್ಟು ವರ್ಷ ಸಾಕಿದ ದನಿ ಅದು. ಕೈ ತಪ್ಪಿದರೆ ನನಗೆ ಬೇರೇನು ಬರುತ್ತದೆ? ಹೆದರಿಕೆಯಾಗಿದೆ. ನೆಟ್ಟಗೆ ಹೇಳಬೇಕೆಂದರೆ ಅಷ್ಟೇ.

ಮಾರ್ಚ್ 21
ಟಿವಿಯಲ್ಲಿ ಕೇಳಿದೆ. ಚೆನ್ನಾಗಿ ಹೇಳಿದ್ದಾಳೆ, ಹಾಳಾದವಳು. ಸಿಟ್ಟಿಗೆ ಅಕ್ಕ ತಂದಿದ್ದ ಕರಿದ ತಿಂಡಿ ಅರ್ಧ ಪೊಟ್ಟಣ ತಿಂದೆ. ಓಡಿದೆ. ಬಂದು ಕೂತೆ, ಮತ್ತೆ ಓಡಿದೆ. "ಸ್ವಲ್ಪ ದಿನ ಜಿಡ್ಡು ಬೇಡಾಂದಿದ್ರಲ್ಲೇ" ಅಂತ ಅಕ್ಕ. ತಂದವಳೇ ಇವಳು!

ಏಪ್ರಿಲ್ 5, ಮಧ್ಯಾಹ್ನ
ಸ್ಟುಡಿಯೋಗೆ ಹೋಗಿಬಂದೆ. ಡಾಕ್ಟರು ಹೂಂ ಅಂದಿದ್ದರು, ಹೊಟ್ಟೆ ಅಂದಿರಲಿಲ್ಲ. "ಹೊರಗೆ ಹೋಗೇ!" ಅನ್ನಬೇಕು. ಎರಡೇ ಶಬ್ದ. ಮೊದಲ ಟೇಕ್‌ಗೇ ಹೊಟ್ಟೆ ಹಿಡಿದುಕೊಂಡಿತು.
"ಮೇಡಂ, ಬೈದಂಗಿಲ್ಲ, ಬೇಡ್ಕೊಂಡಂಗಿದೆ" ಅಂದ ಎಂಜಿನಿಯರ್, ಗಾಜಿನ ಆಚೆಯಿಂದ.
ಎರಡನೆಯದೂ ಹಾಗೇ. ಮೂರನೆಯದಕ್ಕೆ ಗಡಿಯಾರ ನೋಡಿದ. "ಹುಡುಗೀನೂ ಬಂದಿದಾಳೆ. ಇವತ್ತೊಂದಿನ ಅವಳೇ..."
ಇವತ್ತೊಂದು ದಿನವಂತೆ! ನನಗೆ ಗೊತ್ತಾಗಲ್ವಾ?
ಹುಡುಗಿ ಒಳಗೆ ಬಂದಳು. ಕೈಯಲ್ಲಿ ಸೋಫಾದ ದಿಂಬು. "ಅಕ್ಕಾ, ನಮ್ಮಮ್ಮಂಗೂ ಇದೇ ಆಪರೇಷನ್ ಆಗಿತ್ತು. ಕೆಮ್ಮೋವಾಗ ಹೀಗೆ ಒತ್ತಿ ಹಿಡೀತಿದ್ದೆ. ನೀವು ಕೂಗಿ."
ಹಿಂದೆ ನಿಂತು ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದಳು. ಕೂಗಿದೆ. ಎಂಜಿನಿಯರ್ ಹೆಡ್‌ಫೋನ್ ಕಿತ್ತು ಹಾಕಿದ. ಟೇಕ್ ಓಕೆ. ನನಗೆ ಹೋದ ಜೀವ ಬಂತು.
ಆಮೇಲೆ ಅವಳ ಕಡೆ ತಿರುಗಿ, "ಸರಿ, ನಾಳೆಯಿಂದ ನೀನು ಬರೋದು ಬೇಡಮ್ಮ" ಅಂದ. ಕಾಫಿ ಬೇಡ ಅಂದಷ್ಟು ಸಲೀಸಾಗಿ.

ಸಂಜೆ
ಒಂದು ಥ್ಯಾಂಕ್ಸ್ ಕೂಡ ಹೇಳದೆ ಬಂದೆ. ಸಿಟ್ಟು. ಪೆದ್ದಿ! ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಂಡಳಲ್ಲ. ಇಷ್ಟು ಒಳ್ಳೆಯವಳಾಗಿ ಈ ಫೀಲ್ಡಲ್ಲಿ ಹೇಗೆ ಬದುಕುತ್ತಾಳೆ?
ಚೆನ್ನಾಗಿ ಉಗಿಯೋಣ ಅಂತಲೇ ಫೋನ್ ಮಾಡಿದೆ.
"ಹೇಳಿ ಅಕ್ಕಾ, ಹೊಟ್ಟೆ ಹೇಗಿದೆ?" ಅಂದಳು.
"ನಿಂಗೆ ತಲೆ ಸರಿ ಇದೆಯೇನೇ?" ಅಂತ ಶುರು ಮಾಡಿದೆ. ಆದರೆ ಬೈಗುಳದ ಬದಲು, ಸ್ಟುಡಿಯೋದಲ್ಲಿ ಹೇಳದೆ ಬಂದಿದ್ದ ಥ್ಯಾಂಕ್ಸ್ ಹೇಳಿಬಿಟ್ಟೆ.