ಹಿಂದಿನ ಬಾಗಿಲ ಕಾವಲು

ಅಣ್ಣಾ,

ಇದನ್ನ ನಿನಗೆ ಕಳಿಸಲ್ಲ. ಕಳಿಸಿದ್ರೂ ಈಗ ನಿನ್ನ ಕಾಗದ ಓದೋರು ಬೇರೆಯವರು.

ಬೆಳಿಗ್ಗೆ ಹೋಟೆಲಿನ ಟೀವಿಯಲ್ಲಿ ನೀನು ಕಾಣಿಸಿದೆ. ಎದುರು ಪಕ್ಷದವರ ಮಧ್ಯೆ ಹಾರ ಹಾಕ್ಕೊಂಡು ನಗ್ತಿದ್ದೆ. ಸದನದಲ್ಲಿ ಓಟು ಮುಗಿಯೋ ತನಕ ನಮ್ಮ ಶಾಸಕರಲ್ಲಿ ಒಬ್ಬರೂ ಜಾರಬಾರದು ಅಂತ, ಚೀಫ್ ವಿಪ್ ಆಗಿ ಅವರನ್ನೆಲ್ಲ ಈ ಹೋಟೆಲಲ್ಲಿ ಕೂಡಿಹಾಕಿದ್ದೇ ನೀನು. "ತಮ್ಮಾ, ಮುಂದಿನ ಬಾಗಿಲು ನೀನು ಕಾಯಿ, ಹಿಂದಿಂದು ನನಗೆ ಬಿಡು" ಅಂದಿದ್ದೂ ನೀನೇ.

ನಾನು ಕದಲಲಿಲ್ಲ. ನಿನ್ನ ಕೇಳಿದವರಿಗೆಲ್ಲ "ಅಣ್ಣ ಸ್ನಾನಕ್ಕೆ ಹೋಗಿದ್ದಾನೆ" ಅಂತಿದ್ದೆ. ಟೀವಿ ನೋಡಿ ಒಬ್ಬ ಹಿರಿಯ ಶಾಸಕರು, "ಏನಪ್ಪಾ, ನಿಮ್ಮಣ್ಣಂದು ಸ್ನಾನ ಮುಗೀತಾ?" ಅಂದ್ರು. ಎಲ್ಲರೂ ಹೊಟ್ಟೆ ಹಿಡ್ಕೊಂಡು ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡ್ಲಿ?

ನೀನು ಮೊದಲ ಸಲ ಎಲೆಕ್ಷನ್‌ಗೆ ನಿಂತಾಗ, ನಾನು ಹತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟು ಗೋಡೆಗಳಿಗೆ ನಿನ್ನ ಮುಖ ಅಂಟಿಸಿದೆ. ಆಮೇಲೆ ನಿನ್ನ ಕಾರಿನ ಸ್ಟೀರಿಂಗ್ ಹಿಡಿದವನು ಬಿಡಲೇ ಇಲ್ಲ. ಹಿಂದಿನ ಬೆಂಚಿಂದ ಚೀಫ್ ವಿಪ್ ಕುರ್ಚಿ ತನಕ ನೀನು ಹೋದಲ್ಲೆಲ್ಲ ಕರ್ಕೊಂಡು ಹೋದೋನು ನಾನು.

ಪಕ್ಷ ಬಿಟ್ಟಿದ್ದು ನಿನ್ನಿಷ್ಟ, ಅದು ನನಗೆ ಬೇಡ. ಕಾರಿನ ಕೀ ಇನ್ನೂ ನನ್ನ ಜೇಬಲ್ಲೇ ಇದೆ. ಯಾರ ಕಾರಲ್ಲಿ ಹೋದೆ ಅಣ್ಣಾ? ಒಂದು ಮಾತು ಹೇಳಿದ್ರೆ, ಹಿಂದಿನ ಬಾಗಿಲಿಗೆ ನಾನೇ ಗಾಡಿ ತರ್ತಿದ್ದೆ.